ಕರವಸ್ತ್ರ ಹಾಸಿದ ಕುರ್ಚಿ

ಮಲೇಷ್ಯಾದ ಸುಬಾಂಗ್ ಜಯಾದಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ ಅನಾಟಮಿ ಮೇಷ್ಟ್ರು ಉಡುಪಿ ಕಡೆಯವರು. ಕಾಲೇಜಿನ ಕ್ರಿಕೆಟ್ ಪಂದ್ಯಗಳಿಗೆ ತಮಗೂ ಹೆಂಡತಿಗೂ ಇಡೀ ಸೀಸನ್ನಿನ ಪಾಸು ಕೊಂಡಿದ್ದರು. ಅಷ್ಟರಲ್ಲಿ ಅಲ್ಲಿನ ನಾಣ್ಯ ರಿಂಗಿಟ್‌ನ ಬೆಲೆ ಕುಸಿಯಿತು. ಎಷ್ಟೋ ಸಂಸಾರಗಳು ಊರಿಗೆ ಮರಳಿದವು. ಮೇಷ್ಟ್ರ ಹೆಂಡತಿಯೂ ಹೋದರು. ಪಾಸಿನ ಕುರ್ಚಿಗಳು ಸಾಲುಸಾಲಾಗಿ ಖಾಲಿ ಬಿದ್ದವು. ಮೇಷ್ಟ್ರು ಮಾತ್ರ ಪ್ರತಿ ಶನಿವಾರ ಬಂದು, ನಮ್ಮೂರ ಬಸ್ಸಿನಲ್ಲಿ ಸೀಟು ಹಿಡಿಯುವವರಂತೆ, ಪಕ್ಕದ ಕುರ್ಚಿಯ ಮೇಲೆ ಕರವಸ್ತ್ರ ಹಾಸಿ ಕೂರುತ್ತಿದ್ದರು. ಯಾರು ಕೇಳಿದರೂ ಒಂದೇ ಉತ್ತರ: "ಬರ್ತಾಳೆ ಮಾರಾಯ್ರೇ."

ನನಗೆ ಮೈಯೆಲ್ಲ ಉರಿಯುತ್ತಿತ್ತು. ಒಂದು ಶನಿವಾರ ಬಿಸಿಲು ತಡೆಯಲಾರದೆ ಕೇಳಿಯೇಬಿಟ್ಟೆ. "ಸಾರ್, ಮರದ ನೆರಳಿರೋದು ಅದೊಂದೇ ಕುರ್ಚಿಗೆ. ಅವ್ರು ಬಂದ್ರೆ ಎದ್ದೇಳ್ತೀನಿ."

ಅವರು ಕರವಸ್ತ್ರದ ಮೇಲೆ ಅಂಗೈ ಊರಿದರು. "ಬರ್ತಾಳೆ ಮಾರಾಯ್ರೇ."

ಮುಖ ಗಂಟಿಕ್ಕಿಕೊಂಡು ಹಿಂದಿನ ಸಾಲಿಗೆ ಹೋಗಿ ಕೂತೆ. ಮೇಷ್ಟ್ರು ಕೈ ತೆಗೆದು ನೀರಿನ ಬಾಟಲಿ ಎತ್ತಲು ಬಗ್ಗಿದರು. ಅದೇ ಹೊತ್ತಿಗೆ ಯಾವನೋ ಎತ್ತಿ ಹೊಡೆದ ಸಿಕ್ಸರ್ ನೇರವಾಗಿ ಬಂದು ಆ ಖಾಲಿ ಕುರ್ಚಿಗೇ ಬಡಿಯಿತು. ಪ್ಲಾಸ್ಟಿಕ್ಕಿನ ಬೆನ್ನು ನಡುವೆ ಸೀಳಿಹೋಯಿತು. ನಾನು ಕೂತಿದ್ದರೆ ಅದು ನನ್ನ ಎದೆ.

ಮೇಷ್ಟ್ರ ಮುಖ ಬಿಳಿಚಿಕೊಂಡಿತ್ತು. ಕರವಸ್ತ್ರ ಎತ್ತಿಕೊಂಡರು. ನನಗೇನೋ ಹೇಳುತ್ತಾರೆ ಅಂದುಕೊಂಡೆ. ಅವರು ನನ್ನ ಕಡೆ ನೋಡಲೇ ಇಲ್ಲ.

"ಪುಣ್ಯಕ್ಕೆ," ಎಂದರು ಒಡೆದ ಕುರ್ಚಿಯನ್ನೇ ನೋಡುತ್ತಾ, "ಅವಳಿನ್ನೂ ಬಂದಿರ್ಲಿಲ್ಲ."