ಕೆಟಲ್ ಹೊಟ್ಟೆಯೊಳಗಿನ ಆಕಳಿಕೆ

ಪಾತ್ರೆ ಅಂಗಡಿಯ ಮಹಡಿ ಮೇಲಿನ ಕೋಣೆಯಲ್ಲಿ ಫೋಟೋ ಅಕ್ಕ ದಿನಾ ತನ್ನನ್ನೇ ತಾನು ನಿರ್ನಾಮ ಮಾಡಿಕೊಳ್ಳುತ್ತಿದ್ದಳು. ಸಂಬಳ ಬರುತ್ತಿದ್ದದ್ದೇ ಅದಕ್ಕೆ.

ಕೇಳುವುದಕ್ಕೆ ಕೆಲಸ ಸಲೀಸು. ಅಂಗಡಿಯ ಸ್ಟೀಲ್ ಪಾತ್ರೆಗಳ ಫೋಟೋ ತೆಗೆಯಬೇಕು, ಕಂಪ್ಯೂಟರಿನಲ್ಲಿ ಹಿನ್ನೆಲೆ ಬೆಳ್ಳಗೆ ಮಾಡಬೇಕು, ಸೊಟ್ಟಗಿದ್ದದ್ದನ್ನು ನೆಟ್ಟಗೆ ನಿಲ್ಲಿಸಬೇಕು, ಫೋನಿನಲ್ಲಿ ಬೇಗ ತೆರೆದುಕೊಳ್ಳುವಷ್ಟು ಹಗುರ ಮಾಡಿ ಅಂಗಡಿಯ ಆನ್‌ಲೈನ್ ಪುಟಕ್ಕೆ ಏರಿಸಬೇಕು. ಆದರೆ ಹೊಳೆಯುವ ಸ್ಟೀಲಿಗೆ ಹಿಂದೆ ಮುಂದೆ ಗೊತ್ತಿಲ್ಲ, ಎದುರಿಗೆ ನಿಂತವರನ್ನೆಲ್ಲ ಒಳಕ್ಕೆ ಎಳೆದುಕೊಳ್ಳುತ್ತದೆ. ಸುತ್ತ ಬಿಳಿ ಬೆಡ್‌ಶೀಟ್ ಕಟ್ಟಿದ್ದಾಯಿತು, ತಾನೂ ಒಂದು ಹೊದ್ದು ದೆವ್ವದಂತೆ ನಿಂತದ್ದಾಯಿತು. ಏನು ಮಾಡಿದರೂ ತಪ್ಪಲೆಯಲ್ಲಿ ಕುಂಬಳಕಾಯಿ ಮುಖದವಳೊಬ್ಬಳು, ಲೋಟದಲ್ಲಿ ಕಡ್ಡಿಯಂಥವಳೊಬ್ಬಳು, ಸೌಟಿನಲ್ಲಿ ತಲೆಕೆಳಗಾಗಿ ನೇತಾಡುವವಳೊಬ್ಬಳು. ಈ ಅಕ್ಷೌಹಿಣಿಯನ್ನು ಮೌಸ್ ಎಂಬ ಏಕೈಕ ಆಯುಧ ಹಿಡಿದು ಒರೆಸಿ ಹಾಕುವುದೇ ಅವಳ ನಿತ್ಯದ ಯುದ್ಧ. ಒರೆಸದ ಫೋಟೋಗಳ ಫೋಲ್ಡರಿಗೆ ‘ಮುಸುರೆ’ ಎಂದೂ ಒರೆಸಿದವಕ್ಕೆ ‘ತೊಳೆದದ್ದು’ ಎಂದೂ ಹೆಸರಿಟ್ಟಿದ್ದಳು. ಸಂಜೆ ಮೆಟ್ಟಿಲಿಳಿಯುವಾಗ, ಇಷ್ಟೆಲ್ಲ ಅಳಿಸಿದ ಮೇಲೆ ಮನೆಗೆ ಒಯ್ಯಲು ತಾನು ಎಷ್ಟು ಉಳಿದಿದ್ದೇನೋ ಎಂದು ಅವಳಿಗೆ ಅನುಮಾನ ಬರುತ್ತಿತ್ತು.

ಅವಳಿಗೆ ಬೇಕಾಗಿದ್ದದ್ದು ಒಂದೇ, ಭಾನುವಾರ. ಅಂಗಡಿ ಆನ್‌ಲೈನ್ ಆದಂದಿನಿಂದ ಯಜಮಾನರು ಅವಳ ಭಾನುವಾರಗಳನ್ನು ನುಂಗಿ ನೀರು ಕುಡಿದಿದ್ದರು.

“ಮಲಗ್ಬೇಕು ಸಾರ್, ಅಷ್ಟೇ,” ಎಂದು ಕೇಳಿದ್ದಳು.

“ಮಲಗೋಕೆ ರಾತ್ರಿ ಇಲ್ವೇನಮ್ಮ? ಜನ ಫೋನ್ ಹಿಡ್ಕೊಂಡು ಕೂರೋದೇ ಭಾನುವಾರ. ನೀನೇನು ಮೂಟೆ ಹೊರ್ತೀಯಾ? ಬೆರಳು ಅಲ್ಲಾಡ್ಸೋದು.”

ಆ ಶನಿವಾರ ಸಂಜೆ ಕೊನೆಯ ಪಾತ್ರೆ ಒಂದು ಕೆಟಲ್. ಗುಂಡಿ ಒತ್ತುವ ಹೊತ್ತಿಗೆ ಸರಿಯಾಗಿ ಅವಳಿಗೆ ಆಕಳಿಕೆ ಬಂತು. ಸಾಮಾನ್ಯ ಆಕಳಿಕೆಯಲ್ಲ, ತಿಂಗಳುಗಟ್ಟಲೆ ಕೂಡಿಟ್ಟದ್ದು. ಅದನ್ನು ಶ್ರದ್ಧೆಯಿಂದ ಒರೆಸಿ ‘ತೊಳೆದದ್ದು’ ಫೋಲ್ಡರಿಗೆ ಹಾಕಿದಳು. ಆಮೇಲೆ ಕಣ್ಣು ಎಳೆಯುತ್ತಿದ್ದುದರಿಂದ ತಪ್ಪಿ ‘ಮುಸುರೆ’ಯಲ್ಲಿದ್ದದ್ದನ್ನೇ ತೆಗೆದು ಪುಟಕ್ಕೆ ಏರಿಸಿ ಮನೆಗೆ ಹೋದಳು.

ಬೆಳಗ್ಗೆ ಅತ್ತೆ ಫೋನನ್ನು ಮೂಗಿಗೆ ಹಚ್ಚಿಕೊಂಡು ಕೂತಿದ್ದರು.

“ಏನೇ, ಕೆಟಲ್ ಒಳಗೆ ಏನು ಮಾಡ್ತಿದ್ದೀಯೇ ನೀನು?”

ಸೊಸೆ ಫೋನ್ ಕಸಿದುಕೊಂಡಳು. ದೊಡ್ಡದು ಮಾಡಿ ನೋಡಿದರೆ ಕೆಟಲ್‌ನ ಹೊಟ್ಟೆ ತುಂಬ ಅವಳದೇ ಬಾಯಿ, ಗುಹೆಯಂತೆ.

“ಹಿಂದಿನ ದವಡೇಲಿ ಒಂದು ಹಲ್ಲು ಹುಳುಕಾಗಿದೆ, ತೋರಿಸ್ಕೋ,” ಎಂದರು ಅತ್ತೆ. “ನನ್ನ ತಂಗಿಗೂ ಕಳಿಸ್ದೆ.”

“ಅವರಿಗ್ಯಾಕೆ ಅತ್ತೆ?”

“ನೀನು ಪೇಪರಲ್ಲಿ ಬಂದ ಹಾಗೆ ಅಂತ. ಅವಳು ನೋಡಿದ್ರೆ, ‘ಸೊಸೆಗೆ ನಿದ್ದೆ ಮಾಡೋಕೆ ಬಿಡ್ತೀಯೋ ಇಲ್ವೋ’ ಅಂತ ನನ್ನನ್ನೇ ಕೇಳ್ತಾಳೆ. ನನ್ನ ಮಾನ ಹೋಯ್ತು.”

ಕೆಲಸ ಹೋದ ಹಾಗೆಯೇ ಎಂದುಕೊಂಡು ಫೋಟೋ ಅಕ್ಕ ಮಹಡಿ ಹತ್ತಿದಳು. ಯಜಮಾನರು ಅವಳ ಕುರ್ಚಿಯಲ್ಲೇ ಕೂತಿದ್ದರು. ಮುಖ ಹೊಸ ಬಾಣಲೆಯಂತೆ ಹೊಳೆಯುತ್ತಿತ್ತು.

“ಕೆಟಲ್ ಒಂದೂ ಉಳಿದಿಲ್ಲಮ್ಮ. ಜನ ಏನು ಬರೆದಿದಾರೆ ಕೇಳು. ‘ಸ್ಟೀಲ್ ಅಂದ್ರೆ ಇದು, ಗಂಟಲಿನವರೆಗೂ ಕಾಣ್ತದೆ.’ ಇನ್ನೊಬ್ಬರು, ‘ಮೊದಲು ಆ ಅಕ್ಕನಿಗೆ ಅದೇ ಕೆಟಲ್‌ನಲ್ಲಿ ಚಹಾ ಮಾಡಿ ಕೊಡಿ.’ ಇನ್ಮೇಲೆ ಎಲ್ಲಾ ಪಾತ್ರೇಲೂ ಒಂದೊಂದು ಆಕಳಿಕೆ ಇರ್ಲಿ.”

ಹೊತ್ತು ಒದಗಿ ಬಂದಿದೆ ಎನಿಸಿತು ಅವಳಿಗೆ. “ಹಾಗಾದ್ರೆ ಇನ್ಮುಂದೆ ಭಾನುವಾರ ರಜ ಕೊಡ್ತೀರಾ ಸಾರ್?”

“ಬಿಡ್ತು ಅನ್ನು. ನೀನು ಕಣ್ತುಂಬ ನಿದ್ದೆ ಮಾಡ್ಬಿಟ್ರೆ ಆಕಳಿಕೆ ಎಲ್ಲಿಂದ ತರೋದು?”

ಅವರು ತಮಾಷೆ ಮಾಡುತ್ತಿರಲಿಲ್ಲ. ಸಿಟ್ಟು ಮಾಡಿಕೊಳ್ಳಬಹುದಿತ್ತು, ಆದರೆ ಅದಕ್ಕೂ ಮೈಯಲ್ಲಿ ಕಸುವು ಬೇಕು. ಅವಳು ಯಜಮಾನರನ್ನು ಕುರ್ಚಿಯಿಂದ ಎಬ್ಬಿಸಿ ತಾನು ಕೂತಳು. ‘ಮುಸುರೆ’ಯಿಂದ ಕೆಟಲ್ ಫೋಟೋ ತೆರೆದು, ಆಕಳಿಕೆಯ ಸುತ್ತ ಹುಷಾರಾಗಿ ಗೆರೆ ಎಳೆದು, ಕತ್ತರಿಸಿ ಎತ್ತಿಕೊಂಡಳು. ತಪ್ಪಲೆಯೊಂದರ ಮೇಲಿಟ್ಟು ಅಗಲಕ್ಕೆ ಎಳೆದಳು, ಕುಂಬಳಕಾಯಿ ಆಕಳಿಸಿತು. ಲೋಟದ ಮೇಲಿಟ್ಟು ಉದ್ದಕ್ಕೆ ಎಳೆದಳು, ಕಡ್ಡಿ ಆಕಳಿಸಿತು. ಸೌಟಿಗೆ ತಲೆಕೆಳಗು ಮಾಡಿ ಅಂಟಿಸಿದಳು.

ಯಜಮಾನರು ಕಣ್ಣರಳಿಸಿದರು. “ಇವೆಲ್ಲ ಯಾವಾಗ ಆಕಳಿಸಿದ್ದು?”

“ಎಲ್ಲಾ ಅದೇ ಒಂದು ಸಾರ್. ಕೆಡಲ್ಲ, ಹಳಸಲ್ಲ. ಎಷ್ಟು ಪಾತ್ರೆಗೆ ಬೇಕಾದ್ರೂ ಆಗುತ್ತೆ. ಶನಿವಾರವೇ ಏರ್ಸಿ ಟೈಮ್ ಇಟ್ಟು ಹೋದ್ರೆ ಭಾನುವಾರ ಬೆಳಗ್ಗೆ ತಾನಾಗೇ ತೆರ್ಕೊಳ್ಳುತ್ತೆ.”

“ಅಂದ್ರೆ?”

“ಭಾನುವಾರ ಇದು ಕೆಲಸಕ್ಕೆ ಬರುತ್ತೆ. ನಾನು ಬರಲ್ಲ.”

ಯಜಮಾನರು ಗಲ್ಲ ಕೆರೆದುಕೊಂಡು ಯೋಚಿಸಿದರು. “ಮಧ್ಯೆ ಊಟಕ್ಕೆ ಗೀಟಕ್ಕೆ ಅಂತ ಹೋಗಲ್ಲ ತಾನೇ ಇದು?”

“ಹೋಗಲ್ಲ ಸಾರ್.”

“ನಿನಗಿಂತ ವಾಸಿ ಹಾಗಾದ್ರೆ,” ಎಂದು ಒಪ್ಪಿ ಕೆಳಗಿಳಿದರು.

ಮುಂದಿನ ಭಾನುವಾರ ಬಿಸಿಲು ಕಿಟಕಿ ದಾಟಿ ಮಂಚಕ್ಕೆ ಬಂದರೂ ಅವಳು ಏಳಲಿಲ್ಲ. ತಮ್ಮ ತಂಗಿಯ ಮಾತು ಇನ್ನೂ ಚುಚ್ಚುತ್ತಿದ್ದುದರಿಂದ ಅತ್ತೆ ಪಾತ್ರೆಗಳನ್ನು ಸದ್ದಾಗದಂತೆ ಬಟ್ಟೆಯ ಮೇಲೆ ಬೋರಲು ಹಾಕಿದರು. ಆದರೆ ಫೋನ್ ನೋಡಿದ ಮೇಲೆ ತಡೆಯಲಾಗಲಿಲ್ಲ.

“ಲೇ, ಇವತ್ತು ಬಾಣಲೇಲೂ ನೀನೇ ಆಕಳಿಸ್ತಿದ್ದೀಯಲ್ಲೇ.”

“ಅದು ಡ್ಯೂಟೀಲಿದೆ ಅತ್ತೆ, ಮಾತಾಡಿಸ್ಬೇಡಿ,” ಎಂದು ಸೊಸೆ ಗೋಡೆಯ ಕಡೆ ಮಗ್ಗುಲಾಗಿ, ಹೊದಿಕೆಯನ್ನು ತಲೆಯ ಮೇಲೆ ಎಳೆದುಕೊಂಡಳು.