ಮೊಮ್ಮಗಳ ಪರೀಕ್ಷೆಗೆ ನಾನು ಉತ್ತರ ಹೇಳಿದ್ದು

ಬೆಳಗ್ಗೆಯಿಂದ ಮೇಲಿನ ಬಾಡಿಗೆ ಮನೆಯ ಕಿಟಕಿಯಿಂದ ರಾಗಿ ಸರಿ ಕುದಿಯುವ ವಾಸನೆ ಇಳಿದು ಬರುತ್ತಿದೆ. ರಾಯಚೂರು ಕಡೆಯ ಗಂಡ ಹೆಂಡತಿ, ಅವರ ಕೂಸಿಗೆ ಈಗಷ್ಟೇ ಊಟ ಶುರುವಾಗಿದೆ. ಆ ವಾಸನೆ ಮೂಗಿಗೆ ಬಿದ್ದರೆ ಸಾಕು, ನಮ್ಮ ಹಿತಾ ಅಂಗೈಯಗಲದ ಮುಖಕ್ಕೆಲ್ಲ ಸರಿ ಬಳಿದುಕೊಂಡು ಕೂರುತ್ತಿದ್ದ ದಿನಗಳು ಕಣ್ಣ ಮುಂದೆ ಬರುತ್ತವೆ.

ಹಿತಾ ಅಂದರೆ ನನ್ನ ಮಗಳ ಮಗಳು. ಹೆಸರಿಟ್ಟವಳು ಮಗಳು ಶೋಭಾ. ನನ್ನನ್ನು ಒಂದು ಮಾತು ಕೇಳಿದ್ದರೆ 'ಹ' ಇಲ್ಲದ ಹೆಸರು ಹುಡುಕು ತಾಯಿ ಅನ್ನುತ್ತಿದ್ದೆ. ಆ ಅಕ್ಷರ ನನ್ನ ಕೈಗೆ ಹೇಗೋ ಬರುತ್ತದೆ, ನಾಲಿಗೆಗೆ ಬರುವುದಿಲ್ಲ. ನಮ್ಮ ಬಾಯಲ್ಲಿ ಹಾಲು ಆಲು, ಹಣ್ಣು ಅಣ್ಣು. ಮರದ ಮೇಲಿನ ಹಕ್ಕಿಯೂ ಮೊರದಲ್ಲಿರುವ ಅಕ್ಕಿಯೂ ಒಂದೇ. ಹೀಗೆ ಹಿತಾ ಹೋಗಿ ಇತಾ ಆದಳು.

ಶೋಭಾ ಬೊಮ್ಮಸಂದ್ರದ ಮಾತ್ರೆ ಕಾರ್ಖಾನೆಯಲ್ಲಿ ಪ್ಯಾಕಿಂಗ್ ಕೆಲಸಕ್ಕೆ ಹೋಗುತ್ತಾಳೆ. ಅಳಿಯ ಎಲೆಕ್ಟ್ರಾನಿಕ್ ಸಿಟಿಗೆ ಕ್ಯಾಬ್ ಓಡಿಸುತ್ತಾನೆ. ಇಬ್ಬರೂ ನಮ್ಮ ಮನೆಯಲ್ಲೇ ಇರುವುದರಿಂದ ಮಗು ಹಗಲೆಲ್ಲ ನನ್ನ ಕೈಯಲ್ಲಿ. ನಾನು ರಾಗಿ ಬೆಳೆಯುತ್ತಿದ್ದ ಜಾಗದಲ್ಲಿ ಈಗ ಬಾಡಿಗೆ ಮನೆಗಳು ಬೆಳೆದಿವೆ, ಅವುಗಳ ನಡುವೆ ಕಳೆ ಕೀಳುವ ಕೆಲಸವಿಲ್ಲ. ಅಂದಮೇಲೆ ಮಗು ಸಾಕುವುದಕ್ಕೆ ನನಗಿಂತ ಯೋಗ್ಯ ಯಾರಿದ್ದಾರೆ? ಹಾಗಂತ ತೀರ್ಮಾನ ಮಾಡಿದವನೂ ನಾನೇ.

ಸಾಕಿದ್ದೇ ಸಾಕಿದ್ದು. ಅವಳು ಸುಮ್ಮನೆ ಕಣ್ಣು ಹೊರಳಿಸಿದರೂ ನನ್ನ ಬಾಯಿ ಶುರುವಾಗುತ್ತಿತ್ತು.

"ಏನಮ್ಮಾ ಇತಾ, ಆಲಾ? ಆಲಲ್ವಾ? ಅಂಗಾರೆ ಬಿಸ್ಕತ್ತು. ಇಕಾ, ತಗೋ. ತಾತ ಒಳ್ಳೇನಾ? ಊಂ, ಬಲೇ ಒಳ್ಳೇನು."

ಪ್ರಶ್ನೆ ನನ್ನದು, ಉತ್ತರ ನನ್ನದು, ಕೊನೆಗೆ ಹೊಗಳಿಕೆಯೂ ನನ್ನದೇ. ಎತ್ತುಗಳ ಹಿಂದೆ ನಡೆದು ಮಾತು ಕಲಿತವನು ನಾನು. ಎತ್ತು ಎಂದಾದರೂ ತಿರುಗಿ ಮಾತಾಡುವುದುಂಟೇ? ಆ ನೆಮ್ಮದಿ ನನಗೆ ಚಟವಾಗಿಬಿಟ್ಟಿತ್ತು.

ಎರಡು ವರ್ಷ ತುಂಬುತ್ತಾ ಬಂತು. ಮಗು ಓಡುತ್ತಿತ್ತು, ನನ್ನ ಚಪ್ಪಲಿಯನ್ನು ಚರಂಡಿಗೆ ಎಸೆಯುತ್ತಿತ್ತು, ಎಸೆದು ನಗುತ್ತಿತ್ತು. ಮಾತು ಮಾತ್ರ ಒಂದೂ ಇಲ್ಲ. ಅಮ್ಮ ಅನ್ನುವುದೂ ಇಲ್ಲ. "ತಡವಾಗಿ ಮಾತಾಡೋ ಮಕ್ಳು ಜಾಣ ಆಗ್ತವೆ" ಎಂದು ನಾನು ಎಲ್ಲರಿಗೂ ಧೈರ್ಯ ಹಂಚುತ್ತಿದ್ದೆ. ಆದರೆ ಕೆಲಸದಿಂದ ಬಂದ ಶೋಭಾ ಬ್ಯಾಗು ಕೂಡ ಇಳಿಸದೆ ಮಗುವಿನ ಬೆನ್ನ ಹಿಂದೆ ನಿಂತು ಮೆಲ್ಲಗೆ ಚಪ್ಪಾಳೆ ತಟ್ಟಿ ನೋಡುತ್ತಿದ್ದಳು, ಕಿವಿ ಕೇಳುತ್ತದೋ ಇಲ್ಲವೋ ಎಂದು. ಅದನ್ನು ಕಂಡ ಮೇಲೆ ನನ್ನ ಧೈರ್ಯ ನನಗೇ ಸಾಲಲಿಲ್ಲ.

ಮಕ್ಕಳ ಡಾಕ್ಟರಮ್ಮನ ಹತ್ತಿರ ಹೋದೆವು. ಕಿವಿ ಪರೀಕ್ಷೆ ಮಾಡಿಸಿದರು, ಕಿವಿ ಚೆನ್ನಾಗಿತ್ತು. ಆಮೇಲೆ ಮಗುವನ್ನು ಎದುರಿಗೆ ಕೂರಿಸಿಕೊಂಡು ಕೇಳಿದರು.

"ಪುಟ್ಟಿ, ನಿನ್ನ ಹೆಸರೇನಮ್ಮಾ?"

"ಇತಾ, ಮೇಡಂ," ಎಂದೆ ನಾನು.

"ನಾಯಿ ಹೆಂಗೆ ಕೂಗುತ್ತೆ?"

"ಬೌ ಬೌ."

"ಮೂಗೆಲ್ಲಿದೆ, ತೋರ್ಸು?"

ತೋರಿಸಿದೆ. ನನ್ನ ಮೂಗನ್ನೇ.

ಡಾಕ್ಟರಮ್ಮ ಕನ್ನಡಕ ತೆಗೆದು ನನ್ನನ್ನು ನೋಡಿದರು. "ಯಜಮಾನ್ರೇ, ಪರೀಕ್ಷೆ ಮಗೂಗಾ, ನಿಮಗಾ?"

ನಾನು ಓದಿದ್ದು ಮೂರನೇ ಕ್ಲಾಸು. ಕೇಳಿದ ಪ್ರಶ್ನೆಗೆಲ್ಲ ಸರಿ ಉತ್ತರ ಹೇಳಿದ್ದು ಜೀವಮಾನದಲ್ಲಿ ಅದೇ ಮೊದಲು, ಅದಕ್ಕೂ ಬೈಗುಳವೇ ಸಿಕ್ಕಿತು.

"ಮಾತಾಡ್ಸಿ, ಬೇಡ ಅನ್ನಲ್ಲ," ಎಂದರು. "ಆದ್ರೆ ಕೇಳಿದ್ಮೇಲೆ ಸುಮ್ನೆ ಕಾಯಿರಿ. ಬಾಯಿ ಬಿಡೋ ಮುಂಚೆನೇ ಎಲ್ಲಾ ಕೈಗೆ ಬಂದ್ರೆ ಅವಳು ಯಾಕೆ ಮಾತಾಡ್ತಾಳೆ? ಮುಂದಿನ ತಿಂಗಳು ಕರ್ಕೊಂಡ್ ಬನ್ನಿ. ಆಗ್ಲೂ ಹಿಂಗೇ ಇದ್ರೆ ಮಾತು ಕಲಿಸೋರ ಹತ್ರ ಕಳಿಸ್ತೀನಿ."

ಆಟೋದಲ್ಲಿ ಶೋಭಾ ನನ್ನ ಕಡೆ ತಿರುಗಲೇ ಇಲ್ಲ. ಮನೆಯಲ್ಲಿ ವಿಷಯ ಕೇಳಿ ನನ್ನ ಹೆಂಡತಿ ಜಯಮ್ಮ ಪಾತ್ರೆ ತೊಳೆಯುವುದನ್ನೂ ನಿಲ್ಲಿಸದೆ ಹೇಳಿದಳು: "ಲಗ್ನ ಆದಾಗಿಂದ ನಂಗೇ ಮಾತಾಡಕ್ಕೆ ಬಿಟ್ಟಿಲ್ಲ ಈ ವಯ್ಯ. ಆ ಕೂಸಿಗೆ ಎಲ್ಲಿ ಬಿಟ್ಟಾನು?"

ಸುಮ್ಮನಿರುವುದು ಎಷ್ಟು ಕಷ್ಟ ಎಂದು ನಿಮಗೆ ಗೊತ್ತೇ? ಉಳುವುದು ಸುಲಭ, ಬಾವಿ ತೋಡುವುದೂ ಸುಲಭ. ಮಗು ನೀರಿನ ಲೋಟದ ಕಡೆ ನೋಡಿದರೆ 'ನೀರಾ' ಎಂಬ ಮಾತು ನನ್ನ ಗಂಟಲಲ್ಲಿ ಬಿಕ್ಕಳಿಕೆಯ ಹಾಗೆ ಒದೆಯುತ್ತಿತ್ತು. ಕೊನೆಗೆ ಒಂದು ಉಪಾಯ ಮಾಡಿದೆ. ಮಗುವಿನ ಜೊತೆ ಕೂರುವಾಗ ಬಾಯಿ ತುಂಬ ಎಲೆಯಡಿಕೆ ಹಾಕಿಕೊಂಡೆ. ಒಂದು ಪ್ರಶ್ನೆ ಕೇಳುವುದು, ಆಮೇಲೆ ಬಾಯಿಗೆ ಎಲೆ ತುರುಕುವುದು.

ಒಂದು ಮಧ್ಯಾಹ್ನ ಅನ್ನ ಕಲಸಿಕೊಡುತ್ತಿದ್ದೆ. ಒಂದು ಸೌಟು ಸಾರು ಹಾಕಿ, "ಇನ್ನೂ ಬೇಕಾ?" ಎಂದು ಕೇಳಿ, ಎಲೆ ಬಾಯಿಗಿಟ್ಟು, ಎರಡನೇ ಸೌಟನ್ನು ಹಾಗೇ ಗಾಳಿಯಲ್ಲಿ ಹಿಡಿದೆ. ಅವಳು ಸೌಟು ನೋಡಿದಳು. ನನ್ನ ಮುಖ ನೋಡಿದಳು. ಈ ಮುದುಕನಿಗೆ ಏನಾಯಿತು ಎನ್ನುವ ಹಾಗೆ ಹುಬ್ಬು ಗಂಟಿಕ್ಕಿದಳು. ತಟ್ಟೆ ಬಡಿದಳು. ಸೌಟಿನ ಸಾರು ಪಂಚೆಯ ಮೇಲೆ ತೊಟ್ಟಿಕ್ಕಿತು. ನಾನು ಅಲುಗಲಿಲ್ಲ.

"ಆಕು!" ಎಂದಳು.

ಕೂಗೋಣವೆಂದರೆ ಬಾಯಿ ತುಂಬ ರಸ! ಸೌಟು ಹಿಡಿದುಕೊಂಡೇ ಅಂಗಳಕ್ಕೆ ಓಡಿ ಉಗಿದು ತಿರುಗಿದರೆ, ಬೆಳಗಿನ ಪಾಳಿ ಮುಗಿಸಿ ಬಂದ ಶೋಭಾ ಬಾಗಿಲಲ್ಲೇ ನಿಂತಿದ್ದಾಳೆ. ಒಳಗಿನಿಂದ "ಆಕು! ಆಕು!" ಎಂದು ಒಂದೇ ಸಮನೆ ಅಪ್ಪಣೆ.

ಶೋಭಾ ಹೊಸ್ತಿಲ ಮೇಲೆ ಕುಸಿದು ಕೂತಳು. ನಗುತ್ತಿದ್ದಳೋ ಅಳುತ್ತಿದ್ದಳೋ ತಿಳಿಯಲಿಲ್ಲ. "ಹಾಕು ಅಂತಾವ್ಳೆ ಕಣಪ್ಪಾ. ನಿಂದೇ ನಾಲ್ಗೆ ಬಂದೈತೆ ನೋಡು."

ಮಗು ಕೇಳಿದ್ದು ಒಂದು ಸೌಟು. ನಾನು ಪಾತ್ರೆಯನ್ನೇ ಬಗ್ಗಿಸಿದೆ, ಅನ್ನ ತಟ್ಟೆಯಲ್ಲಿ ತೇಲಿತು.

ಈಗ ಅವಳಿಗೆ ಮೂರು ತುಂಬಿದೆ. ಇದನ್ನು ಬರೆಯುತ್ತಿರುವಾಗಲೇ ಬಂದು ನನ್ನ ತೊಡೆ ಏರಿದ್ದಾಳೆ.

"ತಾತಾ, ಏನ್ ಬರೀತಿದೀಯ? ಕತೇನಾ? ಯಾರ್ ಕತೆ, ನಂದಾ? ಊಂ, ನಂದೇ. ಓದು. ಬ್ಯಾಡ ಬ್ಯಾಡ, ನಾನೇ ಏಳ್ತೀನಿ."

ಉತ್ತರ ಕೊಡೋಣವೆಂದು ತೆರೆದ ಬಾಯಿ ತೆರೆದೇ ಇದೆ. ಕತೆ ಶುರುವಾಗಿಬಿಟ್ಟಿದೆ, ಅದರಲ್ಲಿ ಒಂದು ಕೋತಿ ಬಂದಿದೆ, ಅದಕ್ಕೆ ನನ್ನ ಹೆಸರಿಟ್ಟಿದ್ದಾಳೆ. ಪೆನ್ನು ಕೆಳಗಿಟ್ಟು ಕೇಳುತ್ತೇನೆ. ನೀವು ಸ್ವಲ್ಪ ಕಾಯಿರಿ.