ಹುತ್ರಿದುರ್ಗ, ಎರಡನೇ ಬಾಗಿಲವರೆಗೆ

ನಮ್ಮ ನೆಂಟರ ಯಾವ ಮದುವೆ, ನಾಮಕರಣಕ್ಕೆ ಹೋದರೂ ಊಟ ಮುಗಿದು ಎಲೆ ಅಡಿಕೆ ತಟ್ಟೆ ಬರುವ ಹೊತ್ತಿಗೆ ಆ ಕತೆ ಶುರುವಾಗುತ್ತದೆ. ಸುಮಾ ಚಿಕ್ಕಮ್ಮನ ಮದುವೆ ಹೇಗೆ ಕೂಡಿಬಂತು ಎನ್ನುವ ಕತೆ. ಎಲ್ಲರೂ ಹೇಳುವುದು ಒಂದೇ ರೀತಿ. ನಾವೆಲ್ಲ ಸುಮ್ಮನೆ ಬೆಟ್ಟ ಹತ್ತಲು ಹೋಗಿದ್ದೆವಂತೆ, ಅದೇ ದಿನ ಹುಡುಗನ ಕಡೆಯವರೂ ಬಂದಿದ್ದರಂತೆ, ದಾರಿಯಲ್ಲಿ ಪರಿಚಯವಾಗಿ ಸಂಬಂಧ ಕುದುರಿತಂತೆ. ಎಲ್ಲ ಬೆಟ್ಟದ ಮೇಲಿನ ಈಶ್ವರನ ಇಚ್ಛೆಯಂತೆ.

ನಾನು ಒಪ್ಪುವುದಿಲ್ಲ. ಈಶ್ವರನ ಮೇಲೆ ನನಗೇನೂ ಸಿಟ್ಟಿಲ್ಲ. ಆದರೆ ಆ ಬೆಟ್ಟದ ಏರ್ಪಾಡು ನಡೆದ ಹತ್ತು ದಿನವೂ ನಾನು ಅದೇ ಮನೆಯಲ್ಲಿದ್ದೆ. ಅಲ್ಲಿ ನನಗೆ ಕಂಡದ್ದು ಈಶ್ವರನ ಕೈವಾಡವಲ್ಲ, ರಾಜಣ್ಣ ಮಾವನ ಕೈವಾಡ.

ಅದು ಲ್ಯಾಂಡ್‌ಲೈನ್ ಫೋನಿಗೆ ಕಸೂತಿ ಬಟ್ಟೆ ಹೊದಿಸಿಡುತ್ತಿದ್ದ ಕಾಲ. ಸಂಕ್ರಾಂತಿ ಮುಗಿದಿತ್ತು. ತುಮಕೂರಿನ ನಮ್ಮ ವಠಾರದ ಆರೂ ಮನೆಗಳಲ್ಲಿ ಅವರೆಕಾಯಿಯ ಸೊಗಡು. ಬೆಳಿಗ್ಗೆ ಉಪ್ಪಿಟ್ಟಿಗೆ ಅವರೆ, ಮಧ್ಯಾಹ್ನ ಸಾರಿಗೆ ಅವರೆ, ಸಂಜೆ ಮೊರದ ಸುತ್ತ ಕೂತು ಹಿತಕಿದ್ದೂ ಅವರೆ. ಬೆರಳು ಮೂಸಿದರೆ ಶಾಲೆಯಲ್ಲೂ ಅದೇ ವಾಸನೆ. ಅಪ್ಪ ಊರಾಚೆಯ ಸತ್ಯಮಂಗಲದ ಕಾರ್ಖಾನೆಯಲ್ಲಿ ಶಿಫ್ಟಿಗೆ ಹೋಗುತ್ತಿದ್ದರು. ಅಮ್ಮನ ತಂಗಿ ಸುಮಾ ಚಿಕ್ಕಮ್ಮ ನಮ್ಮ ಜೊತೆಯಲ್ಲೇ ಇದ್ದುಕೊಂಡು ಹತ್ತಿರದ ನರ್ಸರಿ ಶಾಲೆಯಲ್ಲಿ ಪಾಠ ಮಾಡುತ್ತಿದ್ದಳು.

ನಾನು ಆರನೇ ಕ್ಲಾಸು. ಚರ್ಚಾಸ್ಪರ್ಧೆಗಳಲ್ಲಿ ಗೆದ್ದು ತಂದ ಸ್ಟೀಲ್ ಡಬ್ಬಿಗಳಲ್ಲಿ ಅಮ್ಮ ಸಾಸಿವೆ, ಜೀರಿಗೆ ತುಂಬಿಸಿಟ್ಟಿದ್ದಳು. ನನ್ನನ್ನು ತಯಾರು ಮಾಡುತ್ತಿದ್ದವಳು ಚಿಕ್ಕಮ್ಮ. ಬಟ್ಟೆ ಒಗೆಯುವ ಕಲ್ಲಿನ ಮೇಲೆ ನನ್ನನ್ನು ನಿಲ್ಲಿಸಿ, ತಾನು ಎದುರಾಳಿಯಾಗಿ ನನ್ನ ಒಂದೊಂದು ಮಾತನ್ನೂ ಹರಿದು ಹಾಕುತ್ತಿದ್ದಳು. “ಎದುರಿನವ್ರು ಏನ್ ಹೇಳಿದ್ರು ಅಂತ ಮಾತ್ರ ಕೇಳ್ಬೇಡ ಕಣೇ. ಏನ್ ಹೇಳ್ಲಿಲ್ಲ ಅಂತಾನೂ ಕೇಳು,” ಎನ್ನುತ್ತಿದ್ದಳು.

ಹುತ್ರಿದುರ್ಗದ ಹುಚ್ಚು ಹತ್ತಿದ್ದೂ ಅವಳಿಗೇ. ಕುಣಿಗಲ್ ಕಡೆ ಯಾರದೋ ಮದುವೆಗೆ ಹೋದಾಗ ಬಸ್ಸಿನ ಕಿಟಕಿಯಿಂದ ಬೆಟ್ಟ ನೋಡಿದ್ದಳು. “ತುದೀಲಿ ಒಂದು ಚುಕ್ಕಿ ಕಾಣುತ್ತೆ. ಗುಡಿ ಅಂತಾರೆ ಕೆಲವರು, ಬಂಡೆ ಅಂತಾರೆ ಕೆಲವರು. ಯಾರೂ ಹತ್ತಿ ನೋಡಿಲ್ಲ. ನಾವು ನೋಡೋಣ.” ನನ್ನ ರಫ್ ನೋಟಿನ ಕೊನೆಯ ಹಾಳೆಯಲ್ಲಿ ಪಟ್ಟಿ ಬರೆದೆವು: ಆರು ಗಂಟೆಯ ಬಸ್ಸು, ನೀರಿನ ಕ್ಯಾನು, ಸೌತೆಕಾಯಿ, ಚಾಕು, ಬಿದ್ದರೆ ಹಚ್ಚಲು ಅರಿಶಿನ. ಚಪ್ಪಲಿ ಬೇಡ, ಕ್ಯಾನ್ವಾಸ್ ಶೂ. ಅಮ್ಮ ಮಾತ್ರ ಎರಡು ವರ್ಷದಿಂದ ಒಂದೇ ಉತ್ತರ ಕೊಡುತ್ತಿದ್ದಳು: “ಇಬ್ರು ಹೆಣ್ಮಕ್ಳು ಒಂಟಿ ಬೆಟ್ಟಕ್ಕೆ ಹೋಗೋದಾ? ಸುಮ್ನಿರಿ.”

ಹಾಗಿದ್ದ ಅಮ್ಮ ಒಂದು ಗುರುವಾರ, “ಈ ಭಾನುವಾರ ಬಿಟ್ಟು ಮುಂದಿನ ಭಾನುವಾರ ಹೋಗೋಣ. ನಾನೂ ಬರ್ತೀನಿ, ನಿಮ್ ಮಾವನೂ ಬರ್ತಾನೆ,” ಎಂದರೆ ಅನುಮಾನ ಬರದೆ ಇರುತ್ತದೆಯೇ? ಚಿಕ್ಕಮ್ಮ ಕುಣಿದಾಡಿದಳು. ನಾನು ಯೋಚನೆಗೆ ಬಿದ್ದೆ.

ರಾಜಣ್ಣ ಮಾವ ಅಮ್ಮನಿಗೂ ಚಿಕ್ಕಮ್ಮನಿಗೂ ಅಣ್ಣ. ಗುಬ್ಬಿಯ ಕೊಬ್ಬರಿ ಮಂಡಿಯಲ್ಲಿ ಕೆಲಸ. ಮಂಡಿಯಿಂದ ಎದುರಿನ ಹೋಟೆಲಿಗೆ ನಡೆಯುವುದೇ ಅವರ ದೊಡ್ಡ ಪ್ರಯಾಣ. ಅವರು ಬೆಟ್ಟ ಹತ್ತುತ್ತಾರಂತೆ!

“ಮಾವ, ದೇವರಾಯನದುರ್ಗ ಹತ್ರ ಇದೆ. ಮೇಲ್ತನಕ ರೋಡಿದೆ. ನಿಮಗೆ ಅದೇ ಸರಿ ಅಲ್ವಾ?” ಎಂದೆ, ಮಾರನೇ ದಿನ ಅವರು ಮನೆಗೆ ಬಂದಾಗ.

“ಥೂ, ಭಾನುವಾರ ಅರ್ಧ ತುಮಕೂರು ಅಲ್ಲೇ ಇರುತ್ತೆ. ಗುರುತಿರೋರು ಯಾರೂ ಇರಬಾರದು, ಪ್ರಶಾಂತವಾಗಿರಬೇಕು.”

“ಗುರುತಿರೋರು ಇದ್ರೆ ಏನಾಯ್ತು?”

“ಏನೇ ಲಾಯರಮ್ಮ, ಅವರೆಕಾಯಿ ಬಿಡಿಸು ನೀನು.”

ಅವರು ಹೇಳದೆ ಬಿಟ್ಟದ್ದನ್ನು ನಾನು ಹಿಡಿದುಕೊಂಡೆ. ಅಲ್ಲಿಂದ ಮುಂದೆ ನನಗೆ ಎಲ್ಲವೂ ಸಾಕ್ಷಿಯಾಗಿ ಕಾಣತೊಡಗಿತು. ಶನಿವಾರ ಅಮ್ಮ ಫೋನಿಗೆ ಬಾಯಿ ಅಂಟಿಸಿಕೊಂಡು, “ಎತ್ತರ ಐದೂ ಎರಡು ಅಂತ ಹೇಳಿದೀವಲ್ಲ ಅಣ್ಣ,” ಎನ್ನುತ್ತಿದ್ದಳು. ಯಾರ ಎತ್ತರ ಎಂದು ಕೇಳಿದೆ. “ಬೆಟ್ಟದ್ದು,” ಎಂದಳು. ಐದಡಿ ಎರಡಿಂಚಿನ ಬೆಟ್ಟ ಹತ್ತಲು ಶೂ ಯಾಕೆ ಎಂದು ಕೇಳಿದ್ದಕ್ಕೆ ಬೆನ್ನಿಗೆ ಒಂದು ಗುದ್ದು ಬಿತ್ತು. ಬುಧವಾರ ಮಾವ ಮತ್ತೆ ಬಂದರು, ಒಂದು ಹಟ ಹಿಡಿದುಕೊಂಡು: ಬೆಟ್ಟದ ಮೇಲಿನ ಹಳೇ ಕೋಟೆಯ ಎರಡನೇ ಬಾಗಿಲ ಹತ್ತಿರ ಹತ್ತೂವರೆಗೆ ಸರಿಯಾಗಿ ಇರಲೇಬೇಕು.

“ಯಾಕೆ ಹತ್ತೂವರೆಗೇ?”

“ಆಮೇಲೆ ರಾಹುಕಾಲ ಕಣಮ್ಮ.”

ನಾನು ಎದ್ದು ಗೋಡೆಯ ಕ್ಯಾಲೆಂಡರ್ ನೋಡಿ ಬಂದೆ. “ಹತ್ತೂವರೆಗೆ ಶುಕ್ರವಾರ ಮಾವ. ಭಾನುವಾರ ಸಂಜೆ ನಾಲ್ಕೂವರೆಗೆ.”

ಮಾವ ಕಾಫಿ ಲೋಟದೊಳಗೆ ಇಣುಕಿ ನೋಡಿದರು. ಅಮ್ಮ ಒಲೆಯ ಕಡೆ ತಿರುಗಿದಳು. ಸುಳ್ಳು ಇದೆ ಎನ್ನುವುದು ಖಾತ್ರಿಯಾಯಿತು. ಏನು ಸುಳ್ಳು ಎನ್ನುವುದು ಗೊತ್ತಾಗಬೇಕಿತ್ತು, ಅಷ್ಟೆ.

ಅದು ಗೊತ್ತಾದದ್ದು ಶನಿವಾರ ಸಂಜೆ, ಹೊರಡುವ ಹಿಂದಿನ ದಿನ. ಚಿಕ್ಕಮ್ಮ ಸೌತೆಕಾಯಿ ತರಲು ಅಂಗಡಿಗೆ ಹೋಗಿದ್ದಳು. ನಾನು ಪಟ್ಟಿ ಹಿಡಿದು ಬ್ಯಾಗು ತಪಾಸಣೆ ಮಾಡುತ್ತಿದ್ದೆ. ಪುಳಿಯೋಗರೆ ಗೊಜ್ಜಿನ ಡಬ್ಬಿಯ ಕೆಳಗೆ, ಹಳೇ ಟವೆಲಿನಲ್ಲಿ ಸುತ್ತಿದ ಚಿಕ್ಕಮ್ಮನ ನೀಲಿ ರೇಷ್ಮೆ ಸೀರೆ. ಅದರೊಳಗೆ ಪೌಡರ್ ಡಬ್ಬಿ, ಬಾಚಣಿಗೆ.

ಆ ಸೀರೆಯನ್ನು ನಾನು ಹಿಂದೆ ಎರಡೇ ಸಲ ನೋಡಿದ್ದೆ. ಎರಡೂ ಸಲ ಹೆಣ್ಣು ನೋಡಲು ಜನ ಬಂದಿದ್ದರು. ಕೇಸರಿಬಾತ್ ತಿಂದು, “ಊರಿಗೆ ಹೋಗಿ ತಿಳಿಸ್ತೀವಿ,” ಎಂದವರು ಏನೂ ತಿಳಿಸಿರಲಿಲ್ಲ. ಆಮೇಲೆ ಒಂದು ತಿಂಗಳು ನಲ್ಲಿಯ ಹತ್ತಿರ ವಠಾರದ ಹೆಂಗಸರು, “ಏನಂದ್ರಂತೆ ಸುಮಾ?” ಎಂದು ಕೇಳುತ್ತಲೇ ಇದ್ದರು. ಎರಡನೇ ಸಲ ಚಿಕ್ಕಮ್ಮ ಕೊಡ ಕೆಳಗಿಟ್ಟು ಮನೆಗೆ ಬಂದು, “ಇನ್ನೊಂದ್ಸಲ ಯಾರ ಮುಂದೂ ನಾನು ತಟ್ಟೆ ಹಿಡ್ಕೊಂಡು ಬರಲ್ಲ. ಕೇಳದೆ ಕರೆಸಿದ್ರೆ ಈ ಮನೇಲೇ ಇರಲ್ಲ,” ಎಂದಿದ್ದಳು. ಆಗ ಅಳದೆ ಹೇಳಿದ್ದರಿಂದ ಎಲ್ಲರಿಗೂ ಹೆದರಿಕೆಯಾಗಿತ್ತು.

ಸೀರೆ ಹಿಡಿದುಕೊಂಡೇ ಅಡುಗೆಮನೆಗೆ ಹೋದೆ. ಅಮ್ಮ ಕಡಲೆಬೀಜ ಹುರಿಯುತ್ತಿದ್ದಳು. ಮಾವ ಹುರಿದದ್ದನ್ನು ತಿನ್ನುತ್ತಿದ್ದರು.

“ಇದನ್ನ ಉಟ್ಕೊಂಡು ಬಂಡೆ ಹತ್ತಕ್ಕಾಗುತ್ತಾ?”

ಅಮ್ಮ ಮಾವನನ್ನು ನೋಡಿದಳು. ಮಾವ ಕೈ ಒರೆಸಿಕೊಂಡು ನನ್ನನ್ನು ಪಕ್ಕಕ್ಕೆ ಕೂರಿಸಿಕೊಂಡರು. ಮೊದಲ ಸಲ ಅವರು ನನ್ನನ್ನು ಲಾಯರಮ್ಮ ಎನ್ನಲಿಲ್ಲ.

“ನೋಡು ಪುಟ್ಟಿ. ಹುಡುಗ ಒಳ್ಳೆಯವ್ನು. ಕುಣಿಗಲ್ಲಲ್ಲಿ ಔಷಧಿ ಅಂಗಡಿ ಇಟ್ಟವ್ನೆ. ಬೆಟ್ಟದಲ್ಲಾದ್ರೆ ಅಕ್ಕಪಕ್ಕದೋರು ನೋಡಲ್ಲ. ಒಪ್ಪಿದ್ರೆ ಒಪ್ಪಿದ್ರು, ಇಲ್ದಿದ್ರೆ ಯಾರಿಗೂ ಗೊತ್ತಾಗಲ್ಲ. ನಿಮ್ ಚಿಕ್ಕಮ್ಮಂಗೆ ಅವಮಾನ ಆಗ್ಬಾರ್ದು ಅಂತಾನೇ ಹಿಂಗೆ ಮಾಡಿರೋದು.”

“ಚಿಕ್ಕಮ್ಮಂಗೇ ಹೇಳಿಲ್ವಲ್ಲ?”

“ಹೇಳಿದ್ರೆ ಬರ್ತಾಳಾ?” ಎಂದರು ಮಾವ. “ಹೋಗಿ ಹೇಳು ಬೇಕಾದ್ರೆ. ನಾಳೆ ಯಾರೂ ಹೋಗಲ್ಲ. ಬೆಟ್ಟ ಅವಳಿಗೂ ಇಲ್ಲ, ನಿನಗೂ ಇಲ್ಲ. ನಿಮ್ಮಮ್ಮ ಇನ್ನೊಂದ್ಸಲ ಹೂಂ ಅಂತಾಳಾ, ಯೋಚ್ನೆ ಮಾಡು.”

ವಾದ ಅಂದರೆ ಅದು. ನನಗೆ ಉತ್ತರ ಹೊಳೆಯಲಿಲ್ಲ ಎಂದು ಬರೆದರೆ ಸುಳ್ಳಾಗುತ್ತದೆ. ಉತ್ತರವಿತ್ತು. ಗೇಟಿನ ಹತ್ತಿರ ಹೋಗಿ ನಿಂತು ಅವಳಿಗೆ ಹೇಳುವುದೇ ಉತ್ತರ. ಆದರೆ ನನಗೆ ಬೆಟ್ಟ ಬೇಕಿತ್ತು. ಹನ್ನೊಂದು ವರ್ಷದ ನಾನು ನನ್ನೊಳಗೇ ಪರ, ವಿರೋಧ ಎರಡೂ ಮಾತಾಡಿ, ತೀರ್ಪನ್ನೂ ನಾನೇ ಕೊಟ್ಟುಕೊಂಡೆ: ಮೊದಲು ತುದಿ ಮುಟ್ಟೋಣ, ಆಮೇಲೆ ಹೇಳೋಣ. ಸೀರೆಯನ್ನು ಟವೆಲಿನಲ್ಲಿ ಮೊದಲಿದ್ದ ಹಾಗೆಯೇ ಸುತ್ತಿಟ್ಟೆ.

ಚಿಕ್ಕಮ್ಮ ಸೌತೆಕಾಯಿ ತಂದಳು. “ಬ್ಯಾಗು ನೋಡಿದ್ಯಾ? ಎಲ್ಲಾ ಸರಿ ಇದ್ಯಾ?” ಎಂದು ಕೇಳಿದಳು.

“ಎಲ್ಲಾ ಸರಿ ಇದೆ,” ಎಂದೆ.

ಮಾರನೇ ದಿನ ಹತ್ತುವಾಗ ಅವಳು ಎಲ್ಲರಿಗಿಂತ ಮುಂದೆ. ಹಳೇ ಹತ್ತಿ ಚೂಡಿದಾರ, ಜಡೆಯನ್ನು ಮೇಲೆತ್ತಿ ಗಂಟು ಹಾಕಿದ್ದಳು. ಬಂಡೆಯ ಮೇಲೆ ಒಣಹುಲ್ಲಿನ ವಾಸನೆ, ತಣ್ಣನೆ ಗಾಳಿ. ಹಿಂದಿನಿಂದ ಮಾವ ಉಸಿರು ಬಿಡುವ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ. “ಪ್ರಶಾಂತ ಅಂದ್ರೆ ಇದು ಕಣೇ!” ಎಂದು ಕೂಗಿದಳು. ನಾನು ಶೂ ಲೇಸು ಕಟ್ಟುವ ನೆಪದಲ್ಲಿ ಮೂರು ಸಲ ಕೂತೆ.

ಎರಡನೇ ಬಾಗಿಲ ನೆರಳಲ್ಲಿ ಜಮಖಾನ ಹಾಸಿತ್ತು. ಒಬ್ಬ ದಪ್ಪ ಹೆಂಗಸು, ಒಬ್ಬ ಅಜ್ಜ, ಇಸ್ತ್ರಿ ಮಾಡಿದ ಷರಟಿನ ಒಬ್ಬ ಯುವಕ. ಮಾವ ನಾಟಕದವರ ಹಾಗೆ, “ಅರೆ, ನೀವಾ! ಏನ್ ಇಷ್ಟು ದೂರ!” ಎಂದರು. ಅಮ್ಮ ಚಿಕ್ಕಮ್ಮನ ತೋಳು ಹಿಡಿದು, “ಬೆವತು ಹೋಗಿದೀಯ. ಆ ಗೋಡೆ ಹಿಂದೆ ಹೋಗಿ ಸೀರೆ ಉಟ್ಕೊಂಡು ಬಾ,” ಎಂದು ಪಿಸುಗುಟ್ಟಿದಳು.

ಚಿಕ್ಕಮ್ಮ ಅಮ್ಮನನ್ನು ನೋಡಲಿಲ್ಲ. ಮಾವನನ್ನೂ ನೋಡಲಿಲ್ಲ. ನನ್ನನ್ನು ನೋಡಿದಳು. ಬ್ಯಾಗು ನೋಡಿದವಳು ನಾನು, ಎಲ್ಲ ಸರಿ ಇದೆ ಎಂದವಳು ನಾನು. ನಾನು ಬಾಯಿ ತೆರೆಯಲಿಲ್ಲ. ಆ ವರ್ಷ ನಾನು ಮಾಡಿದ ಭಾಷಣಗಳಲ್ಲೆಲ್ಲ ಅವಳು ಗಮನವಿಟ್ಟು ಕೇಳಿದ್ದು ಬಹುಶಃ ಅದನ್ನೇ. ಅಮ್ಮನ ಕೈಯಿಂದ ಬ್ಯಾಗು ತೆಗೆದುಕೊಂಡು ಗೋಡೆಯ ಹಿಂದೆ ಹೋದಳು.

ಪುಳಿಯೋಗರೆಯನ್ನು ಎರಡೂ ಮನೆಯವರು ಹಂಚಿಕೊಂಡು ತಿಂದರು. ಹುಡುಗನ ತಾಯಿಗೆ ಮೇಲೆ ಹತ್ತಲಾಗುವುದಿಲ್ಲ, ಅವರನ್ನು ಬಿಟ್ಟು ನಾವು ಹತ್ತಿದರೆ ಚೆನ್ನಾಗಿರುವುದಿಲ್ಲ. ತುದಿಗೆ ಇನ್ನು ಮುಕ್ಕಾಲು ಗಂಟೆ ದಾರಿಯಿದೆ ಎಂದು ಕುರಿ ಕಾಯುತ್ತಿದ್ದವನೊಬ್ಬ ಹೇಳಿದ. “ಸಂಜೆ ರಾಹುಕಾಲಕ್ಕೆ ಮುಂಚೆ ಮನೆ ಸೇರೋಣ,” ಎಂದರು ಮಾವ. ಈ ಸಲ ಅವರ ಲೆಕ್ಕ ಸರಿಯಿತ್ತು. ಎಲ್ಲರೂ ಇಳಿದೆವು.

ಚಿಕ್ಕಪ್ಪ ಒಳ್ಳೆಯವರು, ಅದನ್ನು ಇಲ್ಲಿ ಹೇಳದಿದ್ದರೆ ನಾನು ಅನ್ಯಾಯ ಮಾಡಿದಂತೆ. ಮಕ್ಕಳಿದ್ದಾರೆ, ಮನೆಯಲ್ಲಿ ನಗು ಇದೆ. ಬೆಟ್ಟದ ಕತೆಯನ್ನು ಈಗ ಎಲ್ಲರಿಗಿಂತ ಚೆನ್ನಾಗಿ ಹೇಳುವವಳೂ ಚಿಕ್ಕಮ್ಮನೇ, ಈಶ್ವರನ ಇಚ್ಛೆ ಸಮೇತ. ಆದರೆ ಆ ಭಾನುವಾರದ ನಂತರ ಅವಳು ನನ್ನನ್ನು ಬಟ್ಟೆ ಒಗೆಯುವ ಕಲ್ಲಿನ ಮೇಲೆ ನಿಲ್ಲಿಸಲಿಲ್ಲ. ಮದುವೆಯ ಗಡಿಬಿಡಿ ಎಂದು ಎಲ್ಲರೂ ಅಂದುಕೊಂಡರು. ಅದಾದ ಮೇಲೆ ನಾನು ಬೇರೆ ಬೆಟ್ಟಗಳನ್ನು ಹತ್ತಿದ್ದೇನೆ, ದೊಡ್ಡ ವೇದಿಕೆಗಳಲ್ಲಿ ಗೆದ್ದಿದ್ದೇನೆ. ನನ್ನ ಮಾತನ್ನು ಅಷ್ಟು ಪ್ರೀತಿಯಿಂದ ಹರಿದು ಹಾಕುವವರು ಮತ್ತೆ ಸಿಕ್ಕಿಲ್ಲ. ಅವಳು ಈಗ ನನ್ನ ಎಲ್ಲ ಮಾತಿಗೂ, “ಹೌದು ಕಣೇ, ನೀನು ಹೇಳಿದ್ದೇ ಸರಿ,” ಎಂದುಬಿಡುತ್ತಾಳೆ.

ಹೋದ ತಿಂಗಳು ಕುಣಿಗಲ್ಲಿನ ಅವಳ ಅಡುಗೆಮನೆಯಲ್ಲಿ ನಾವಿಬ್ಬರೇ ಇದ್ದೆವು. ಮಾತು ಬಾಯಿತನಕ ಬಂತು. ಅಷ್ಟರಲ್ಲಿ ಕುಕ್ಕರ್ ಕೂಗಿತು, ಅವಳು ಎದ್ದಳು, ನಾನು ಬಿಟ್ಟುಬಿಟ್ಟೆ. ಅದಕ್ಕೇ ಇಲ್ಲಿ ಕೇಳುತ್ತಿದ್ದೇನೆ. ಚಿಕ್ಕಮ್ಮ, ಆ ದಿನ ಗೋಡೆಯ ಹಿಂದೆ ನೀನು ಸೀರೆ ಉಟ್ಟುಕೊಂಡದ್ದು ‘ಇರಲಿ, ಹುಡುಗನನ್ನ ನೋಡೋಣ’ ಅಂತ ನಿನಗೂ ಅನ್ನಿಸಿದ್ದಕ್ಕಾ? ಅಥವಾ ನಾನೂ ಅವರ ಕಡೆಯೇ ಅಂತ ಗೊತ್ತಾದ ಮೇಲೆ, ಬೇಡ ಅನ್ನುವಾಗ ನಿನ್ನ ಪಕ್ಕ ನಿಲ್ಲುವವರು ಅಲ್ಲಿ ಯಾರೂ ಉಳಿದಿರಲಿಲ್ಲ ಅಂತಲಾ?